ಬ್ರಾಕೆಟ್ ಆಳು

ಪುಟ್ಟಬಸಪ್ಪ ಸಣ್ಣ ಮನಸ್ಸಿನ ಮನುಷ್ಯ. ಮೂವತ್ತೊಂದು ವರ್ಷದ ನೌಕರಿಯಲ್ಲಿ ಯಾರ ಹೆಸರಿನ ಮುಂದೆಯೂ ಒಂದು ದಿನವನ್ನು ಕೈಬಿಚ್ಚಿ ಬರೆದವನಲ್ಲ. ಅನುಮಾನ ಬಂದ ಕಡೆಯಲ್ಲೆಲ್ಲ ಒಂದು ದಿನ ಕಡಿದವನು. ಇದು ಅವನಿಗಾಗದವರ ಮಾತಲ್ಲ. ಅವನ ಕೈಕೆಳಗೆ ಹದಿನಾಲ್ಕು ತಿಂಗಳು ಕೆಲಸ ಮಾಡಿದ ಯಶೋದ, ಯಾರ ವಿಷಯದಲ್ಲೂ ಆತುರಪಡದವಳು, ನಿಧಾನವಾಗಿ ಬಂದು ಮುಟ್ಟಿದ ತೀರ್ಮಾನ.

ಕೊಳ್ಳೇಗಾಲದ ಆ ಕಚೇರಿ ಸುತ್ತಲಿನ ಕೆರೆ, ಕಾಲುವೆ, ಕಾಡಂಚಿನ ರಸ್ತೆಗಳ ಕೆಲಸ ಮಾಡಿಸುತ್ತಿತ್ತು. ಇಲಾಖೆಯ ಹೆಸರು ಇಲ್ಲಿ ಬೇಡ. ಎಂಬತ್ತರ ದಶಕದಲ್ಲಿ ಪುಟ್ಟಬಸಪ್ಪ ಹನೂರು ಕಡೆಯ ಕಾಮಗಾರಿಗಳ ಮಸ್ಟರ್ ಗುಮಾಸ್ತನಾಗಿದ್ದ. ದಿನಗೂಲಿ ಆಳುಗಳ ಹಾಜರಿ ಬರೆಯುವ ಉದ್ದನೆಯ ಹಾಳೆಗೆ ಮಸ್ಟರ್ ಎನ್ನುತ್ತಿದ್ದರು. ಬೆಳಗ್ಗೆ ಅಜ್ಜೀಪುರದಲ್ಲಿ ಹಾಜರಿ ಕೂಗಿ ಹೋದವನು ಮಧ್ಯಾಹ್ನ ಹೇಳದೆ ಕೇಳದೆ ಸೈಕಲ್ ತಿರುಗಿಸಿಕೊಂಡು ಬಂದು ಮತ್ತೆ ತಲೆ ಎಣಿಸುತ್ತಿದ್ದ. ಮಗುವಿಗೆ ಹಾಲೂಡಿಸಲು ಹೊಂಗೆ ಮರದ ಕೆಳಗೆ ಹೋಗಿದ್ದ ಹೆಂಗಸಿಗೆ ಕಾಲು ದಿನ ಕಡಿದಿದ್ದ. ಆಳುಗಳು ಬೈದರು, ಎಂಜಿನಿಯರುಗಳು ಮೆಚ್ಚಿದರು, ಯಾರೂ ಮನೆಗೆ ಕರೆಯಲಿಲ್ಲ.

ಆ ಮಸ್ಟರುಗಳಲ್ಲಿ ಒಂದು ಪದ್ಧತಿ ಇತ್ತು, ಯಾವ ನಿಯಮದ ಪುಸ್ತಕದಲ್ಲೂ ಇಲ್ಲದ್ದು. ಪ್ರತಿ ಆಳಿನ ಹೆಸರಿನ ಎದುರು ಕೆಲಸದ ಸ್ಥಳ ಬರೆಯಬೇಕು: ಇಂಥ ಕೆರೆ ಏರಿ, ಇಂಥ ತೂಬು. ಆದರೆ ಕೆಲವರನ್ನು ಎಂಜಿನಿಯರ್ ಮನೆಗೆ ಕಳಿಸಿರುತ್ತಿದ್ದರು, ನೀರು ಸೇದಲು, ಹಸುವಿಗೆ ಹುಲ್ಲು ಹಾಕಲು, ಮಕ್ಕಳನ್ನು ಶಾಲೆಗೆ ಬಿಡಲು. ಅದನ್ನು ಬರೆಯುವಂತಿಲ್ಲ. ಸುಳ್ಳು ಸ್ಥಳ ಬರೆದರೆ ತಪಾಸಣೆಗೆ ಬಂದವರು ಅಲ್ಲಿಗೇ ಹೋಗಿ ಹುಡುಕಿಯಾರು. ಅದಕ್ಕೆ ಸ್ಥಳವನ್ನು ಖಾಲಿ ಬಿಟ್ಟು ಹೆಸರಿಗೆ ಬ್ರಾಕೆಟ್ ಹಾಕುತ್ತಿದ್ದರು. ಕಚೇರಿಯವರಿಗೆ ಅರ್ಥವಾಗುತ್ತಿತ್ತು, ಹೊರಗಿನವರು ಅಡ್ಡಹೆಸರೇನೋ ಎಂದುಕೊಂಡು ಹಾಳೆ ತಿರುವುತ್ತಿದ್ದರು. ಅಂಥವನಿಗೆ ಬ್ರಾಕೆಟ್ ಆಳು ಎಂದೇ ಹೆಸರು. ಬ್ರಾಕೆಟ್ ಹಾಕುತ್ತಿದ್ದವನು ಪುಟ್ಟಬಸಪ್ಪನೇ, ಮೇಲಿನವರು ಹೇಳಿದಂತೆ. ಆದರೆ ಅವನ ಸಿಟ್ಟು ಹೇಳಿದವರ ಮೇಲೆ ತಿರುಗಲಿಲ್ಲ. ಬ್ರಾಕೆಟ್ಟಿನೊಳಗೆ ಇದ್ದವನ ಮೇಲೆ ತಿರುಗಿತು. ಬಿಸಿಲಿಗೆ ಬೀಳದೆ ದಿನ ತಿನ್ನುವವರು ಎಂದು ಅವರನ್ನು ಇಪ್ಪತ್ತು ವರ್ಷ ಹಳಿದ.

ಎರಡು ಸಾವಿರದ ಎರಡರ ಸೆಪ್ಟೆಂಬರಿನಲ್ಲಿ ಯಶೋದ ಆ ಕಚೇರಿಗೆ ಗುತ್ತಿಗೆಯ ಮೇಲೆ ಕಂಪ್ಯೂಟರ್ ಆಪರೇಟರ್ ಆಗಿ ಬಂದಳು. ಯಳಂದೂರಿನವಳು, ದಿನವೂ ಬಸ್ಸಿನಲ್ಲಿ ಬಂದು ಹೋಗುವವಳು, ಡಿಪ್ಲೊಮಾದಲ್ಲಿ ಮೊದಲ ದರ್ಜೆ. ಅಷ್ಟರಲ್ಲಿ ಪುಟ್ಟಬಸಪ್ಪ ಸೂಪರಿಂಟೆಂಡೆಂಟ್ ಆಗಿದ್ದ, ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಕಚೇರಿಯಲ್ಲಿದ್ದದ್ದು ಮೈಸೂರಿನಲ್ಲಿ ಜೋಡಿಸಿದ ಒಂದು ಕಂಪ್ಯೂಟರು, ಅದಕ್ಕೇ ತಂತಿ ಎಳೆದ ಇನ್ನೊಂದು ಪರದೆ. ಪುಕ್ಕಟೆ ಸಿಗುತ್ತದೆಂದು ಅದನ್ನು ನಡೆಸಲು ಲಿನಕ್ಸ್ ಎಂಬ ಕಾರ್ಯವ್ಯವಸ್ಥೆ ಹಾಕಿಕೊಟ್ಟಿದ್ದರು. ಒಮ್ಮೆ ಆರಿದರೆ ಡಿಸ್ಕನ್ನೆಲ್ಲ ತಡಕಾಡಿ ಮತ್ತೆ ಏಳಲು ಮುಕ್ಕಾಲು ಗಂಟೆ ಬೇಕಾಗುತ್ತಿದ್ದರಿಂದ ಅದನ್ನು ಆರಿಸುತ್ತಲೇ ಇರಲಿಲ್ಲ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ತಡೆಯುತ್ತಿತ್ತು. ಹೊಸ ಬ್ಯಾಟರಿ ಬೇಕೆಂದು ಯಶೋದ ಬರೆದ ಮೂರು ಅರ್ಜಿಗಳು ಪುಟ್ಟಬಸಪ್ಪನ ಮೇಜಿನ ಮೇಲೆ ಒಂದರ ಮೇಲೊಂದು ಕೂತಿದ್ದವು.

ಬಂದ ತಿಂಗಳಲ್ಲೇ ಅವನು ಅವಳನ್ನು ಕರೆದ.

"ಈ ಮಿಷಿನ್ ಒಳಗೆ ಯಾರ್ಯಾರು ಕೆಲ್ಸ ಮಾಡ್ತಾ ಅವ್ರೆ ಅಂತ ನಂಗೆ ದಿನಾ ಹತ್ತೂವರೆಗೆ ಪಟ್ಟಿ ಬೇಕು ಯಶೋದಮ್ಮ."

"ಸಾರ್, ಒಳಗೆ ಯಾರೂ ಇರಲ್ಲ. ಕೆಲಸಗಳು ಇರ್ತವೆ."

"ಕೆಲ್ಸ ಅಂದ್ಮೇಲೆ ಮಾಡೋನು ಇರ್ದೆ ಇರ್ತಾನಾ? ಪಟ್ಟಿ ಕೊಡು."

ಬಾಗಿಲಲ್ಲಿ ನಿಂತಿದ್ದ ಜವಾನ ಬಸವಣ್ಣ ನಕ್ಕ. "ಕೊಡವ್ವ, ಕೊಡು. ಸಾಹೇಬ್ರು ಅಜರಿ ತಕಳ್ದೆ ಇದ್ರೆ ಅವ್ರಿಗೆ ಕಾಫಿ ಕುಡ್ದಂಗೆ ಆಗಕಿಲ್ಲ."

ಯಶೋದ ಎರಡು ದಿನ ಕೂತು ಒಂದು ಸಣ್ಣ ಪ್ರೋಗ್ರಾಂ ಬರೆದಳು. ಅದು ಕಷ್ಟದ ಕೆಲಸವಲ್ಲ. ಲಿನಕ್ಸಿನ ಒಳಗೆ ನಡೆಯುವ ಪ್ರತಿ ಕೆಲಸಕ್ಕೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯ ಹೆಸರಿನಲ್ಲಿ ಒಂದು ಫೋಲ್ಡರ್ ಕಾಣಿಸುತ್ತದೆ. ಅದು ಡಿಸ್ಕಿನಲ್ಲಿ ಎಲ್ಲೂ ಇರುವುದಲ್ಲ, ಯಾರಾದರೂ ತೆರೆದು ಕೇಳಿದಾಗ ವ್ಯವಸ್ಥೆಯ ತಿರುಳಾದ ಕರ್ನಲ್ ಆಗಿಂದಾಗಲೇ ಬರೆದು ತೋರಿಸುವುದು. ಕೆಲಸದ ಹೆಸರೇನು, ಯಾರದ್ದು, ಎಷ್ಟು ಮೆಮೊರಿ ಹಿಡಿದಿದೆ, ಓಡುತ್ತಿದೆಯೋ ಮಲಗಿದೆಯೋ ನಿಂತಿದೆಯೋ, ಯಾವ ಆಜ್ಞೆ ಕೊಟ್ಟಾಗ ಶುರುವಾಯಿತು, ಎಲ್ಲವೂ ಅಲ್ಲಿ. ಅವಳ ಪ್ರೋಗ್ರಾಂ ಒಂದೊಂದೇ ಫೋಲ್ಡರಿಗೆ ಹೋಗಿ ಕೇಳಿ ಸಾಲಾಗಿ ಅಚ್ಚು ಹಾಕುತ್ತಿತ್ತು.

ಆದರೆ ಕರ್ನಲ್ ತನ್ನ ಸ್ವಂತ ಕೆಲಸಕ್ಕೆಂದು ಇಟ್ಟುಕೊಂಡವು ಕೆಲವಿರುತ್ತವೆ. ಅವುಗಳನ್ನು ಯಾರೂ ಆಜ್ಞೆ ಕೊಟ್ಟು ಕರೆದಿರುವುದಿಲ್ಲ, ಹಾಗಾಗಿ ಆಜ್ಞೆಯ ಜಾಗ ಖಾಲಿ. ಹೊರಗಿನ ಪ್ರೋಗ್ರಾಂಗಳಂತೆ ಸ್ವಂತ ಮೆಮೊರಿಯೂ ಇಲ್ಲ, ಅಲ್ಲಿ ಸೊನ್ನೆ. ಅಂಥವುಗಳ ಹೆಸರನ್ನು ಬ್ರಾಕೆಟ್ಟಿನೊಳಗೆ ತೋರಿಸುವುದು ಆ ಲೋಕದ ರೂಢಿ. ಯಶೋದಳೂ ಹಾಗೆಯೇ ತೋರಿಸಿದಳು. ಬೇರೆ ಯಾವ ಗುರುತನ್ನಾದರೂ ಹಾಕಬಹುದಿತ್ತು, ನಕ್ಷತ್ರವನ್ನೋ ಗೆರೆಯನ್ನೋ. ಅದು ಅವಳಿಗೆ ಹೊಳೆಯಲಿಲ್ಲ. ಮಸ್ಟರಿನ ಬ್ರಾಕೆಟ್ ಏನೆಂದು ಅವಳಿಗೆ ಆಗ ಯಾರೂ ಹೇಳಿರಲಿಲ್ಲ.

ಮೊದಲ ಪಟ್ಟಿ ನೋಡಿ ಪುಟ್ಟಬಸಪ್ಪ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

"ಇಲ್ಲೂ ಅವ್ರಾ?"

"ಯಾರು ಸಾರ್?"

"ಬ್ರಾಕೆಟ್ನವ್ರು. ಒಂದು, ಎರಡು, ಮೂರು... ಏಳು ಜನ. ಮೆಮೊರಿ ಸೊನ್ನೆ. ಯಾರ್ ಕರ್ದಿದ್ದು ಅನ್ನೋ ಕಾಲಂ ಖಾಲಿ. ಇವ್ರನ್ನ ಯಾರಮ್ಮ ಸೇರಿಸ್ದೋರು?"

"ಕರ್ನಲ್ ಸಾರ್. ಅವೆಲ್ಲ ಕರ್ನಲ್‌ನ ಸ್ವಂತ ಥ್ರೆಡ್‌ಗಳು."

ಬಸವಣ್ಣನ ಕಿವಿಗೆ ಒಂದೇ ಪದ ಬಿತ್ತು. "ಓ, ಮಿಲಿಟ್ರಿ ಕರ್ನಲ್ಲಾ? ಅದ್ಕೆ ಮತ್ತೆ! ಅಷ್ಟ್ ದೊಡ್ಡ ಆಪೀಸರ್ ಮನೇಲಿ ಆಳುಕಾಳು ಇರ್ದೆ ಇದ್ದಾವಾ ಸಾ?"

"ಆ ಕರ್ನಲ್ ಅಲ್ಲ ಬಸವಣ್ಣ, ಇದು ಬೇರೆ..." ಎಂದಳು ಯಶೋದ. ತಡವಾಗಿತ್ತು. ಪುಟ್ಟಬಸಪ್ಪನ ತಲೆಯಲ್ಲಿ ಅದು ಭದ್ರವಾಗಿ ಕೂತುಬಿಟ್ಟಿತು. ಕರ್ನಲ್ ಎಂದರೆ ಒಳಗಿನ ದೊಡ್ಡ ಸಾಹೇಬ. ಬ್ರಾಕೆಟ್ಟಿನವರು ಅವನ ಬಂಗಲೆ ಆಳುಗಳು.

ಮುಂದಿನ ಒಂದು ವರ್ಷ ಯಶೋದ ಇದೇ ವಿಷಯವನ್ನು ಎಷ್ಟು ಸಲ ವಿವರಿಸಿದಳೋ ಲೆಕ್ಕವಿಲ್ಲ. ಥ್ರೆಡ್ ಎಂದರೆ ಎಳೆ ಎಂದು ಶುರುಮಾಡಿದರೆ, "ಕೊಳ್ಳೇಗಾಲ್ದೋನಿಗೆ ರೇಷ್ಮೆ ಎಳೆ ಹೇಳಿಕೊಡ್ಬೇಡ" ಎನ್ನುತ್ತಿದ್ದ. ಅವು ಒಳಗಿನ ಕೆಲಸ ಮಾಡುತ್ತವೆ ಎಂದರೆ, "ಒಳಗಿನ ಕೆಲ್ಸ ಅಂದ್ರೆ ನಂಗೊತ್ತು, ಸೊಪ್ಪು ಸೋಸೋದು" ಎನ್ನುತ್ತಿದ್ದ. ಪ್ರತಿದಿನದ ಪಟ್ಟಿಗೆ ಕೆಂಪು ಶಾಯಿಯಲ್ಲಿ ಸಹಿ ಹಾಕಿ ಒಂದು ಕಡತದಲ್ಲಿ ಪೋಣಿಸುತ್ತಿದ್ದ. ನಡುನಡುವೆ ಚೀಟಿ ಕಳಿಸುತ್ತಿದ್ದ: ಐದನೇ ನಂಬರಿನವನನ್ನು ತೆಗೆಯತಕ್ಕದ್ದು. ಒಮ್ಮೆ ಬೇಸತ್ತು ಯಶೋದ ಅವನ ಎದುರಿನಲ್ಲೇ, ಕೆಲಸಗಳನ್ನು ಕೊಲ್ಲುವ ಒಂಬತ್ತನೇ ಸಂಕೇತವನ್ನು ಐದನೆಯದಕ್ಕೆ ಕಳಿಸಿ ತೋರಿಸಿದಳು. ಅದು ಅಲ್ಲಾಡಲಿಲ್ಲ.

"ನೋಡಿದ್ರಾ ಸಾರ್? ಹೊರಗಿನವರ ಮಾತು ಅವು ಕೇಳಲ್ಲ."

"ನೋಡ್ದೆ. ತೆಗೆದ್ರೂ ಓಗಲ್ಲ, ಉಂಡ ಲೆಕ್ಕಾನೂ ಇಲ್ಲ, ಯಾರ್ ಕಳಿಸಿದ್ದು ಅಂತಾನೂ ಇಲ್ಲ. ನೀನು ಡಿಪ್ಲೊಮಾ ಓದಿ ಕಲ್ತಿರೋದನ್ನ ನಾನು ಹನೂರಲ್ಲಿ ಸೈಕಲ್ ತುಳ್ದು ಕಲ್ತಿವ್ನಿ ಕಣಮ್ಮ."

ಅಂದು ಯಳಂದೂರಿನ ಬಸ್ಸಿನಲ್ಲಿ ಕೂತು ಅವಳು ಒಂದು ತೀರ್ಮಾನ ಮಾಡಿದಳು: ಇನ್ನು ಮೇಲೆ ಈ ಮನುಷ್ಯನಿಗೆ ಏನನ್ನೂ ವಿವರಿಸುವುದಿಲ್ಲ. ಬೆಳಗ್ಗೆ ಪಟ್ಟಿ ಅಚ್ಚು ಹಾಕಿ ಮೇಜಿನ ಮೇಲಿಡುವುದು, ತಿರುಗಿಯೂ ನೋಡದಿರುವುದು.

ಎರಡು ಸಾವಿರದ ಮೂರರ ಅಕ್ಟೋಬರಿನಲ್ಲಿ ಮೇಲಿನಿಂದ ಆದೇಶ ಬಂತು. ಹಳೆಯ ದಿನಗೂಲಿ ಆಳುಗಳು ವರ್ಷಕ್ಕೆಷ್ಟು ದಿನ ಕೆಲಸ ಮಾಡಿದ್ದಾರೆ ಎಂಬುದನ್ನು ಮಸ್ಟರುಗಳಿಂದ ತೆಗೆದು ಕಂಪ್ಯೂಟರಿಗೆ ಹಾಕಿ, ಪಟ್ಟಿಯನ್ನು ನವೆಂಬರ್ ಇಪ್ಪತ್ತೆರಡರ ಶನಿವಾರದೊಳಗೆ ಮೈಸೂರಿಗೆ ಮುಟ್ಟಿಸಬೇಕು. ಹತ್ತು ವರ್ಷ ತುಂಬಿದವರ ಹೆಸರು ಕಾಯಂಗೆ ಹೋಗುತ್ತದೆ. ತಡವಾದ ಪಟ್ಟಿಯನ್ನು ತೆಗೆದುಕೊಳ್ಳುವುದಿಲ್ಲ.

ಮೊದಲ ವಾರದಲ್ಲೇ ಲೊಕ್ಕನಹಳ್ಳಿಯಿಂದ ಕೆಂಚಯ್ಯ ಬಂದ. ಐವತ್ತು ದಾಟಿದ ಸಣಕಲು ಮನುಷ್ಯ. ಅವನ ಕತೆಯಿಂದಲೇ ಯಶೋದಳಿಗೆ ಬ್ರಾಕೆಟ್ಟಿನ ಅರ್ಥ ತಿಳಿದದ್ದು. ಕೆಂಚಯ್ಯ ಬಯಲಿನಲ್ಲಿ ಕೆಲಸ ಮಾಡಿದ್ದು ಎಂಟು ವರ್ಷ. ಅದಕ್ಕೆ ಮೊದಲು, ಎಂಬತ್ತೈದರಿಂದ ತೊಂಬತ್ತಮೂರರವರೆಗೆ ಒಂಬತ್ತು ವರ್ಷ, ಕೊಳ್ಳೇಗಾಲದ ಎಂಜಿನಿಯರ್ ವಸತಿಗೃಹದಲ್ಲಿ. ಆ ಒಂಬತ್ತು ಸೇರಿದರೆ ಅವನು ಕಾಯಂ. ಸೇರದಿದ್ದರೆ ಎರಡು ವರ್ಷ ಕಡಿಮೆ, ಏನೂ ಇಲ್ಲ.

"ಸ್ಥಳ ಇಲ್ಲ, ದಿನ ಇಲ್ಲ" ಎಂದ ಪುಟ್ಟಬಸಪ್ಪ, ತಲೆ ಎತ್ತದೆ.

"ಬುದ್ದಿ, ಆ ಮನೆ ಬಾವಿ ಕಟ್ಟೆ ನೋಡ್ಕಬನ್ನಿ. ಅಗ್ಗ ಉಜ್ಜಿ ಉಜ್ಜಿ ಕಲ್ಲು ಸವ್ದೋಗದೆ. ಸೇದ್ದೋನು ನಾನೇಯಾ."

"ಕಲ್ಲು ಸವ್ದಿದ್ದಕ್ಕೆ ಮಸ್ಟರಲ್ಲಿ ಕಾಲಂ ಇಲ್ಲ ಕೆಂಚಯ್ಯ."

"ನನ್ನೆಸ್ರಿಗೆ ಬೇಲಿ ಆಕ್ದೋರು ನೀವೇ ಅಲ್ವಾ ಬುದ್ದಿ?"

ಪುಟ್ಟಬಸಪ್ಪ ಮಸ್ಟರಿನ ಹಾಳೆ ತಿರುವಿದ. ಕೆಂಚಯ್ಯ ಯಶೋದಳ ಕಡೆ ತಿರುಗಿದ. "ಅವ್ವಾ, ನೀನಾರ ಒಸಿ ಸೇರ್ಸವ್ವಾ."

ಅವನು ಹೋದ ಮೇಲೆ ಯಶೋದ ಹೇಳಿದಳು, "ಸಾರ್, ಸ್ಥಳದ ಜಾಗ ಖಾಲಿ ಇದ್ದರೂ ಪ್ರೋಗ್ರಾಂ ತಗೊಳ್ಳೋ ಹಾಗೆ ಮಾಡ್ತೀನಿ. ಐದು ನಿಮಿಷದ ಕೆಲಸ."

"ಮಾಡು. ನನ್ನ ಸೈನ್ ಇಲ್ದೆ ಪಟ್ಟಿ ಮೈಸೂರಿಗೆ ಓಗಲ್ಲ. ಅದನ್ನೂ ಪ್ರೋಗ್ರಾಂ ಮಾಡ್ಬುಡು."

ಹೀಗೆ ಕೆಲಸ ಸಾಗಿತು. ಅವನು ಮಸ್ಟರ್ ಬಿಡಿಸಿಕೊಂಡು ಓದುವುದು, ಅವಳು ಹಾಕುವುದು. ಬ್ರಾಕೆಟ್ ಬಂದಾಗ "ಬ್ರಾಕೆಟ್, ಮುಂದೆ" ಎಂದು ಹಾರಿಸುವುದು. ದಿನಕ್ಕೆ ಇಪ್ಪತ್ತು ಸಲವಾದರೂ ಆ ಎರಡು ಪದ. ಕೆಂಚಯ್ಯ ಮಂಗಳವಾರ ಮಂಗಳವಾರ ಬಂದು ಬಾಗಿಲ ಪಕ್ಕ ಕೂತು ಅದನ್ನೇ ಕೇಳಿಸಿಕೊಂಡು ಹೋಗುತ್ತಿದ್ದ. ಅವನ ಕಡೆ ನೋಡುವುದು ಯಶೋದಳಿಗೆ ಆಗುತ್ತಿರಲಿಲ್ಲ. ಕೀಲಿಗಳನ್ನು ಬೇಕಾದ್ದಕ್ಕಿಂತ ಜೋರಾಗಿ ಕುಟ್ಟುತ್ತಿದ್ದಳು. ಬುಧವಾರಕ್ಕೊಮ್ಮೆ ಎಲ್ಲವನ್ನೂ ಫ್ಲಾಪಿಗೆ ಪ್ರತಿ ಮಾಡಿಡುತ್ತಿದ್ದಳು.

ನವೆಂಬರ್ ಹದಿಮೂರರ ಗುರುವಾರ ಯಶೋದಳಿಗೆ ಜ್ವರ. ರಜೆ ಹಾಕಿದಳು. ಇನ್ನೊಂದು ಪರದೆಯ ಮುಂದೆ ಪುಟ್ಟಬಸಪ್ಪನೇ ಕೂತ. ಟೈಪಿಂಗ್ ಸೀನಿಯರ್ ಪಾಸು ಮಾಡಿದವನು, ಅವಳಿಗಿಂತ ಬೇಗ ಹೊಡೆಯುತ್ತಿದ್ದ. ಹಾಗೆ ಕೂತಾಗಲೇ ಅವನಿಗೆ ಆ ಯೋಚನೆ ಬಂತು. ಮುಖ್ಯ ಪಾಸ್‌ವರ್ಡ್ ಇದ್ದ ಮೊಹರು ಹಾಕಿದ ಲಕೋಟೆ ಅವನ ಬೀರುವಿನಲ್ಲಿತ್ತು. ಯಶೋದಳ ಲಿನಕ್ಸಿನ ದಪ್ಪ ಪುಸ್ತಕ ಮೇಜಿನ ಮೇಲಿತ್ತು. ಸಂಕೇತಗಳ ಪುಟ ತೆಗೆದ. ಒಂಬತ್ತು ಎಂದರೆ ಕೊಲ್ಲುವುದು. ಅದು ನಡೆಯುವುದಿಲ್ಲವೆಂದು ನೋಡಿದ್ದ. ಬೆರಳಿಟ್ಟು ಕೆಳಗಿಳಿದ. ಹತ್ತೊಂಬತ್ತು: ನಿಲ್ಲಿಸುವುದು. ಕೆಲಸದಿಂದ ತೆಗೆಯುವುದಲ್ಲ, ಸುಮ್ಮನೆ ನಿಲ್ಲಿಸಿಡುವುದು. ನೌಕರಿಯಲ್ಲಿ ಅದಕ್ಕೊಂದು ಒಳ್ಳೆಯ ಹೆಸರಿದೆ, ಅಮಾನತು.

ಏಳು ಬ್ರಾಕೆಟ್ಟಿನವರಿಗೂ ಒಬ್ಬೊಬ್ಬರಿಗಾಗಿ ಹತ್ತೊಂಬತ್ತು ಕಳಿಸಿದ. ಆರು ಕೇಳಲಿಲ್ಲ. ಕೆ-ಅಪ್‌ಡೇಟ್-ಡಿ ಎಂಬ ಒಂದು ಮಾತ್ರ ಕೇಳಿತು. ಪಟ್ಟಿ ಮತ್ತೆ ತೆಗೆದಾಗ ಅದರ ಮುಂದೆ ನಿಂತಿದೆ ಎಂಬುದರ ಗುರುತಿನ ಅಕ್ಷರ ಬಂದಿತ್ತು. ಪುಟ್ಟಬಸಪ್ಪ ಐದು ನಿಮಿಷ ಕಾದ. ಏನೂ ಆಗಲಿಲ್ಲ. ಹೊಡೆದ ಅಕ್ಷರ ಪರದೆಯ ಮೇಲೆ ಬರುತ್ತಿತ್ತು, ಹಾಕಿದ ಹೆಸರು ಕೇಳಿದಾಗ ಸಿಗುತ್ತಿತ್ತು. ಒಂದೇ ವ್ಯತ್ಯಾಸ: ಡಬ್ಬದೊಳಗೆ ಐದೈದು ಸೆಕೆಂಡಿಗೆ ಕರಕ್ ಎನ್ನುತ್ತಿದ್ದ ಸದ್ದು ನಿಂತುಹೋಗಿತ್ತು.

"ನೋಡ್ದಾ ಬಸವಣ್ಣ, ಒಬ್ಬ ಇಲ್ದಿದ್ರೂ ಏನೂ ನಿಲ್ಲಲಿಲ್ಲ."

"ಸದ್ದಡಗೋಯ್ತು ಸಾ. ಪಾಪ, ಗೊರ್ಕೆ ಒಡೀತಿದ್ನೇನೋ" ಎಂದ ಬಸವಣ್ಣ.

ಪುಟ್ಟಬಸಪ್ಪ ಪಟ್ಟಿಯ ಆ ಸಾಲಿಗೆ ಕೆಂಪು ಸುತ್ತು ಹಾಕಿ ಬರೆದ: ಇಂದಿನಿಂದ ಅಮಾನತು. ಸಹಿ ಮಾಡಿ ಕಡತಕ್ಕೆ ಪೋಣಿಸಿದ. ಮಾರನೆಯ ದಿನ ಯಶೋದ ಬಂದಾಗ ಏನೂ ಹೇಳಲಿಲ್ಲ. ಅವಳು ಎಂದಿನಂತೆ ಪಟ್ಟಿ ಅಚ್ಚು ಹಾಕಿ ಅವನ ಮೇಜಿನ ಮೇಲಿಟ್ಟಳು, ಎಂದಿನಂತೆ ನೋಡಲಿಲ್ಲ. ಶುಕ್ರವಾರ, ಶನಿವಾರ, ಸೋಮವಾರ, ಮಂಗಳವಾರ. ನಾಲ್ಕು ಬೆಳಗ್ಗೆ ಅವಳ ಕೈಯಿಂದಲೇ ಆ ಅಕ್ಷರ ಅಚ್ಚಾಗಿ ಬಂತು.

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕರೆಂಟ್ ಹೋಯಿತು. ಈಗ ಬಂದೀತೆಂದು ಕಾಯುತ್ತಿರುವಾಗಲೇ ಯುಪಿಎಸ್ ಹತ್ತು ನಿಮಿಷ ಕೂಗಿ ಸುಮ್ಮನಾಯಿತು. ಯಶೋದ ಹೆಚ್ಚು ಗಾಬರಿಯಾಗಲಿಲ್ಲ. ಇಂಥದ್ದು ಹಿಂದೆಯೂ ಆಗಿತ್ತು, ಕೊನೆಯ ಒಂದೆರಡು ಸಾಲು ಹೋಗುತ್ತಿತ್ತು ಅಷ್ಟೆ. ನಾಲ್ಕೂಕಾಲಿಗೆ ಕರೆಂಟ್ ಬಂತು. ಮುಕ್ಕಾಲು ಗಂಟೆ ತಡಕಾಡಿ ಕಂಪ್ಯೂಟರು ಎದ್ದಿತು. ಹೆಸರುಗಳನ್ನು ಎಣಿಸಿದಳು. ಬುಧವಾರ ಸಂಜೆ ಎಷ್ಟಿತ್ತೋ ಅಷ್ಟೇ ಇದ್ದವು. ಐದು ದಿನದ್ದು ಒಂದೂ ಇರಲಿಲ್ಲ.

ಅವಳು ಮತ್ತೆ ಎಣಿಸಿದಳು. ಬೇರೆ ಬೇರೆ ಜಾಗಗಳಲ್ಲಿ ಹುಡುಕಿದಳು. ಎಂಬತ್ತಾರು, ಎಂಬತ್ತೇಳು, ಎಂಬತ್ತೆಂಟರ ಹನೂರು ಮಸ್ಟರುಗಳು, ಒಂದು ಸಾವಿರದ ಇನ್ನೂರು ಸಾಲು, ಇದ್ದವೆಂಬ ಗುರುತೇ ಇಲ್ಲ. ಪಟ್ಟಿಗೆ ಇನ್ನು ನಾಲ್ಕು ದಿನ. ಏನು ತಪ್ಪು ಮಾಡಿದೆ ಎಂದು ತನ್ನನ್ನೇ ಬೈದುಕೊಂಡಳು, ತನ್ನ ಪ್ರೋಗ್ರಾಂ ಸಾಲುಸಾಲಾಗಿ ಓದಿದಳು. ಕೊನೆಗೆ, ಬೇ‍ರೇನೂ ತೋಚದೆ, ಪುಟ್ಟಬಸಪ್ಪನ ಕಡತ ತೆಗೆದಳು. ಕೆಂಪು ಸುತ್ತು ಅಲ್ಲಿತ್ತು.

ಕಡತ ಹಿಡಿದುಕೊಂಡೇ ಅವನ ಮುಂದೆ ನಿಂತಳು. ಅವಳ ದನಿ ಬಸವಣ್ಣ ಅದುವರೆಗೆ ಕೇಳಿರದಂಥದು.

"ಇದನ್ನ ಯಾರು ಮಾಡಿದ್ದು ಸಾರ್?"

"ನನ್ ಸೈನ್ ಅದೆಯಲ್ಲ."

"ನಾವು ಹೊಡೆಯೋದೆಲ್ಲ ಮೊದಲು ಮೆಮೊರೀಲಿ ಇರುತ್ತೆ. ಕರೆಂಟ್ ಇರೋವರೆಗೂ ಕೇಳಿದ್ರೆ ಸಿಗುತ್ತೆ. ಅದನ್ನ ಐದೈದು ಸೆಕೆಂಡಿಗೆ ಹೊತ್ಕೊಂಡು ಹೋಗಿ ಡಿಸ್ಕಿಗೆ ಹಾಕೋನು ಇವನೊಬ್ಬನೇ. ಆ ಸದ್ದು ಇವನ ಕೆಲಸದ್ದು. ಇವನನ್ನ ನಿಲ್ಲಿಸಿ ಐದು ದಿನ ನಾವು ನೀರಿನ ಮೇಲೆ ಬರೆದಿದ್ದೀವಿ."

ಪುಟ್ಟಬಸಪ್ಪ ಕಡತವನ್ನು ಅವಳ ಕೈಯಿಂದ ತೆಗೆದುಕೊಂಡ. ಕೆಂಪು ಸುತ್ತಿನ ಮೇಲೆ ಬೆರಳಿಟ್ಟ.

"ಅಷ್ಟು ಮುಖ್ಯದೋನಾದ್ರೆ ಬ್ರಾಕೆಟಲ್ಲಿ ಯಾಕೆ ಇಟ್ರು?"

"ಅಯ್ಯೋ ಸಾರ್! ವರ್ಷದಿಂದ ಹೇಳ್ತಿದ್ದೀನಿ. ಅವನನ್ನ ಹೊರಗಿನಿಂದ ಯಾರೂ ಆಜ್ಞೆ ಕೊಟ್ಟು ಕರೆದಿಲ್ಲ, ತೋರಿಸೋಕೆ ಆಜ್ಞೆ ಇಲ್ಲ, ಅದಕ್ಕೆ ಬ್ರಾಕೆಟ್. ಕೆಲಸ ಇಲ್ಲ ಅಂತ ಅಲ್ಲ!"

"ಕೂಗ್ಬೇಡ. ನಾಲ್ಕು ದಿನ ದಿನಾ ಪಟ್ಟಿ ಕೊಟ್ಟೋಳು ನೀನು. ಅದ್ರಲ್ಲಿ ಬರೆದಿತ್ತು. ಓದ್ಲಿಲ್ವಾ?"

ಯಶೋದ ಓದಿರಲಿಲ್ಲ. ಅದು ನಿಜವಾಗಿತ್ತು. ನಿಜವಾಗಿದ್ದರಿಂದಲೇ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು. ಕುರ್ಚಿಗೆ ಬಂದು ಕೂತಳು. ಬಾಗಿಲ ಪಕ್ಕ ಕೆಂಚಯ್ಯ ಎದ್ದು ನಿಂತಿದ್ದ. ಏನಾಯಿತೆಂದು ಬಸವಣ್ಣ ಅವನಿಗೆ ಹೇಳುತ್ತಿದ್ದ. "ಐದ್ ದಿನದ್ದು ಒಂಟೋಯ್ತು ಕಣಣ್ಣ." ಕೆಂಚಯ್ಯ ಕೇಳಿ, "ನಂದು ಎಂಗೂ ಇರ್ನಿಲ್ಲ, ಓಗಕೆ ಏನದೆ?" ಎಂದು ಟವಲ್ಲು ಕೊಡವಿ ಬಸ್ಸಿಗೆ ಹೊರಟ.

ಪುಟ್ಟಬಸಪ್ಪ ಕ್ಷಮೆ ಕೇಳಲಿಲ್ಲ. ಅಂದಿನ ಪಟ್ಟಿಯನ್ನು ಹೊಸದಾಗಿ ಅಚ್ಚು ಹಾಕಿಸಿ, ಕಂಪ್ಯೂಟರು ಮತ್ತೆ ಎದ್ದಾಗ ಅದರ ಜೊತೆಗೇ ಎದ್ದಿದ್ದ ಕೆ-ಅಪ್‌ಡೇಟ್-ಡಿ ಓಡಾಡುತ್ತಿರುವುದನ್ನು ಖಚಿತ ಮಾಡಿಕೊಂಡು, ಎದುರಿಗೆ ಬರೆದ: ಅಮಾನತು ರದ್ದು. ನಂತರ ಬ್ಯಾಟರಿಯ ಮೂರು ಅರ್ಜಿಗಳಲ್ಲಿ ಮೇಲಿನದಕ್ಕೆ ಸಹಿ ಹಾಕಿದ. ಯಶೋದಳಿಗೆ ನಗುವೂ ಬರಲಿಲ್ಲ.

ಬುಧವಾರ ಬೆಳಗ್ಗೆ ಒಂಬತ್ತಕ್ಕೇ ಅವನು ಬಂದು ಕೂತಿದ್ದ. ಐದು ದಿನದ ಕೆಲಸವನ್ನು ಮೂರು ದಿನದಲ್ಲಿ ಮುಗಿಸಬೇಕು. ಒಂದು ಹೊತ್ತು ಅವನು ಓದಿ ಅವಳು ಹೊಡೆದರೆ, ಇನ್ನೊಂದು ಹೊತ್ತು ಬಸವಣ್ಣ ತಡವರಿಸಿ ಓದಿ ಅವನು ಹೊಡೆಯುತ್ತಿದ್ದ. ಅವನ ಬೈಗುಳಕ್ಕೇನೂ ಕಡಿಮೆಯಿರಲಿಲ್ಲ. ಬಸವಣ್ಣನಿಗೆ ಆರನ್ನೂ ಒಂಬತ್ತನ್ನೂ ಬೇರೆ ಮಾಡಲು ಬರುವುದಿಲ್ಲ, ಯಶೋದ ಕಾಫಿಗೆ ಏಳು ನಿಮಿಷ ತೆಗೆದುಕೊಳ್ಳುತ್ತಾಳೆ. ಬ್ರಾಕೆಟ್ ಬಂದರೆ "ಮುಂದೆ." ಯಶೋದ ಅವನ ಮುಖ ನೋಡುವುದನ್ನೇ ಬಿಟ್ಟಿದ್ದಳು. ಒಂದೇ ಸಲ, ಗುರುವಾರ ಊಟದ ಹೊತ್ತಿನಲ್ಲಿ, ಅವನು ಡಬ್ಬಿ ತೆರೆಯುತ್ತ ಕೇಳಿದ.

"ಅವ್ನು ನಿಂತಿದ್ದಾಗ ಬೇರೆಯೋರಿಗೆ, ಆ ಆರು ಜನಕ್ಕೆ, ಗೊತ್ತಾಗ್ಲಿಲ್ವಾ?"

"ಯಾರಿಗೂ ಗೊತ್ತಾಗಲ್ಲ ಸಾರ್. ಕರೆಂಟ್ ಹೋಗೋವರೆಗೂ ಎಲ್ಲ ಸರಿಯಾಗೇ ಕಾಣುತ್ತೆ."

ಅವನು ತಲೆಯಾಡಿಸಿ ಮುದ್ದೆ ಮುರಿದ. ಅಷ್ಟೆ.

ಶುಕ್ರವಾರ ಮಧ್ಯಾಹ್ನ ಎಂಬತ್ತೇಳರ ಮಸ್ಟರ್ ಬಂತು. ಅವನು ಓದುತ್ತಿದ್ದ, ಅವಳು ಹೊಡೆಯುತ್ತಿದ್ದಳು. ಅದರಲ್ಲಿ ಒಂದು ತಿಂಗಳ ಕೊನೆಯ ಹಾಳೆಯಲ್ಲಿ ಅವನ ದನಿ ಒಂದು ಗಳಿಗೆ ನಿಂತಿತು. ಅವಳು "ಮುಂದೆ" ಎಂಬುದಕ್ಕೆ ಕಾದಳು.

"ಕೆಂಚಯ್ಯ ಬಿನ್ ದೊಡ್ಡಮಾದಯ್ಯ, ಲೊಕ್ಕನಹಳ್ಳಿ."

ಯಶೋದ ಕೈ ತೆಗೆದಳು. "ಸಾರ್, ಇದು ಬ್ರಾಕೆಟ್."

"ಕಣ್ಣು ಕಾಣ್ತದೆ ನಂಗೆ. ಹೊಡಿ."

ಹೊಡೆದಳು. ಪ್ರೋಗ್ರಾಂ ಮುಂದಿನ ಜಾಗಕ್ಕೆ ಹೋಗಿ ನಿಂತಿತು. "ಸ್ಥಳ ಕೇಳ್ತಿದೆ ಸಾರ್. ಖಾಲಿ ಬಿಟ್ರೆ ತಗೊಳ್ಳಲ್ಲ."

"ಖಾಲಿ ಯಾಕೆ ಬಿಡ್ತೀಯ? ಎಂಜಿನಿಯರ್ ವಸತಿಗೃಹ, ಕೊಳ್ಳೇಗಾಲ."

ಮೇಜಿನ ಮೇಲೆ ಲೋಟ ಇಡುತ್ತಿದ್ದ ಬಸವಣ್ಣ ಹಾಗೇ ನಿಂತ. ಹದಿನಾರು ವರ್ಷ ಯಾರೂ ಯಾವ ಕಾಗದದ ಮೇಲೂ ಬರೆಯದ ಮಾತು ಅದು.

"ಸಾರ್, ಇದು ಮೈಸೂರಿಗೆ ಹೋಗುತ್ತೆ" ಎಂದಳು ಯಶೋದ. "ಸರ್ಕಾರದ ಆಳು ಸಾಹೇಬರ ಮನೇಲಿ ಇದ್ದ ಅಂದ್ರೆ ಎನ್‌ಕ್ವೈರಿ ಆಗುತ್ತೆ. ಬ್ರಾಕೆಟ್ ಹಾಕಿದ್ದು ಯಾರು ಅಂತ ಕೇಳ್ತಾರೆ. ನಿಮಗೆ ಇನ್ನು ನಾಲ್ಕು ತಿಂಗಳು ಸರ್ವೀಸ್ ಇದೆ."

"ಕೇಳೋದೇನು, ಅಕ್ಷರ ನೋಡಿದ್ರೆ ಗೊತ್ತಾಯ್ತದೆ. ಹನೂರು ಸೆಕ್ಷನ್ನಲ್ಲಿ ಇಷ್ಟು ನೆಟ್ಟಗೆ ಇನ್ಯಾರ್ ಬರೀತಿದ್ರು?" ಅವನು ಹಾಳೆಯನ್ನು ಬೆಳಕಿಗೆ ಹಿಡಿದ. "ಬಸವಣ್ಣ, ಬಾಯಿ ಮುಚ್ಕೊಂಡು ರೆಕಾರ್ಡ್ ರೂಮಿಗೆ ಓಗು. ಎಂಬತ್ತೈದರಿಂದ ತೊಂಬತ್ತಮೂರು, ಎಲ್ಲ ಮಸ್ಟರೂ ತಕಂಡ್ ಬಾ. ಬರೀ ಇವ್ನದಲ್ಲ, ಬ್ರಾಕೆಟ್ ಇರೋವೆಲ್ಲ."

ಬಸವಣ್ಣ ಹೋದ. ಯಶೋದ ಸ್ಥಳ ಹೊಡೆದಳು. ಈ ಮನುಷ್ಯ ಹಳೆಯ ಎಂಜಿನಿಯರನ ಮೇಲೆ ಹಗೆ ತೀರಿಸಿಕೊಳ್ಳುತ್ತಿದ್ದಾನೋ, ತನ್ನ ಮೇಲೆ ತಾನೇ ತೀರಿಸಿಕೊಳ್ಳುತ್ತಿದ್ದಾನೋ, ಅವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ.

"ದಿನ ಎಷ್ಟು ಸಾರ್? ಮಸ್ಟರಲ್ಲಿ ಇಪ್ಪತ್ತಾರು ಅಂತ ಇದೆ."

"ಅದು ಮೇಲಿನೋರು ಬರ್ಸಿದ್ದು. ಇಪ್ಪತ್ತಾರಲ್ಲ" ಎಂದ ಪುಟ್ಟಬಸಪ್ಪ. "ಹತ್ತೊಂಬತ್ತನೇ ತಾರೀಖು ಬೆಳಗ್ಗೆ ಅವ್ನು ಬರ್ಲಿಲ್ಲ. ನಾನು ಆ ಮನೆ ಮುಂದೆ ಸೈಕಲಲ್ಲಿ ಓಗ್ತಾ ನೋಡಿವ್ನಿ, ಹಸು ಹಂಗೇ ಕಟ್ಟಾಕಿತ್ತು, ಎಂಜಿನಿಯರ್ ಹೆಂಡ್ತಿ ಗೇಟಲ್ಲಿ ನಿಂತು ಬೈತಿದ್ರು. ಮಧ್ಯಾಹ್ನ ಬಂದಿದ್ದ. ಇಪ್ಪತ್ತೈದೂವರೆ ಹೊಡಿ."

ಅವಳು ಇಪ್ಪತ್ತೈದೂವರೆ ಹೊಡೆದಳು. ಅವನು ಎಂಬತ್ತೇಳರ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು, ಪೆನ್ನಿನ ಮುಚ್ಚಳ ತೆಗೆದು, ಅಂಚಿನ ಖಾಲಿ ಜಾಗದಲ್ಲಿ ನಿಧಾನವಾಗಿ ಬರೆದ: ಕೆಲಸ ಮಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿದ.